ಬುಧವಾರ ಮಧ್ಯಾಹ್ನ

ಬಸರಾಳಿನಾಚೆ ಸ್ಕೂಟರು ನಿಲ್ಲಿಸಿ
ಉಕ್ಕಿನ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿದು
ತಿಂಗಳಿಗೊಮ್ಮೆ ಕೊಳವೆಯೊಳಗೆ ಇಳಿಬಿಡುತ್ತೇನೆ.
ನೀರು ಕಾಣುವುದಿಲ್ಲ.
ಮೇಲೆಳೆದಾಗ ಸುಣ್ಣ ಎಲ್ಲಿಂದ ಕಪ್ಪಾಗಿದೆಯೋ
ಅದೇ ನೀರು.
ಹದಿನಾಲ್ಕು ವರ್ಷದಿಂದ ನನ್ನ ನೌಕರಿ
ಒಂದು ಒದ್ದೆ ಗೆರೆಯನ್ನು ಪುಸ್ತಕಕ್ಕೆ ಸಾಗಿಸುವುದು.

ಈ ಸಲ ಇಲಾಖೆಯ ಜೀಪಿನಲ್ಲಿ ಇಬ್ಬರು ಬಂದರು,
ಮೈಸೂರಿನ ತರಬೇತಿಗೆ ಬಂದವರು,
ಎರಡು ದೇಶದವರು.
ನಡುವೆ ಬೇಲಿಯಂತೆ, ಬೇಲಿಗೆ ರಾತ್ರಿಯೆಲ್ಲ ದೀಪವಂತೆ,
ಬೇಲಿಯಡಿ ಇನ್ನೂರು ಮೈಲಿ ಮರಳು,
ಮರಳಿನೊಳಗೆ ಒಂದೇ ನೀರು.
ಇತ್ತ ಪಂಪು ಓಡಿದರೆ
ಅತ್ತ ಖರ್ಜೂರದ ಗರಿ ಜೋಲುತ್ತದಂತೆ.
ಡ್ರೈವರ್ ಇನಾಯತ್ ಪಿಸುಗುಟ್ಟಿದ:
"ಬೆಳಗಿಂದ ಮಾತಿಲ್ಲ ಮೇಡಂ.
ಮಂಡ್ಯದಲ್ಲಿ ಇಡ್ಲಿ ತಿನ್ನುವಾಗಲೂ
ಬೇರೆ ಬೇರೆ ಟೇಬಲ್ಲು."

ನಿಂಗಾಜಮ್ಮ ಮೇವಿನ ಹೊರೆ ಇಳಿಸಿ ಕೇಳಿದಳು,
ಯಾರವ್ವ ಇವರು?
ನನಗೆ ತಿಳಿದಷ್ಟು ಹೇಳಿದೆ.
"ಓ, ದಾಯಾದಿಗಳು ಅನ್ನು"
ಅಂದವಳೇ ನಮ್ಮನ್ನು ಕರೆದೊಯ್ದದ್ದು
ಲಂಟಾನ ಮುಚ್ಚಿದ ಹಳೆಯ ಬಾವಿಗೆ.

"ನಮ್ಮಾವನೂ ಅವರ ತಮ್ಮನೂ ಭಾಗ ಆದಾಗ
ಹೊಲಾನ ಹಗ್ಗ ಹಿಡಿದು ಹಂಚಿದ್ರು,
ದನ ಎಣಿಸಿ ಹಂಚಿದ್ರು,
ಹಿತ್ತಾಳೆ ಹಂಡೆ ಒಂದೇ ಇತ್ತು, ಮಾರಿ ದುಡ್ಡು ಹಂಚಿದ್ರು.
ಬಾವಿಗೆ ಬಂದಾಗ ಪಂಚಾಯ್ತಿ ಸುಮ್ಕಾಯ್ತು.
ನೀರಿನ ನಡೂಕೆ ಗೋಡೆ ಕಟ್ಟಕಾಯ್ತದಾ?
ಆಗ ದಿವ್ಸ ಹಂಚಿದ್ರು ಕಣವ್ವ.
ಭಾನುವಾರದಿಂದ ಬುಧವಾರ
ಬಿಸಿಲು ನೆತ್ತಿಗೆ ಬರೋಗಂಟ ದೊಡ್ಡೋರ್ದು.
ಆಮೇಲೆ ಚಿಕ್ಕೋರ್ದು."

ಬುಧವಾರ ಮಧ್ಯಾಹ್ನ ಇಬ್ಬರೂ ಬರಲೇಬೇಕು.
ಒಬ್ಬ ಬಗ್ಗಿ ನೋಡಿ
ಒಣಗಿದ ಮೆಟ್ಟಿಲು ಎಷ್ಟೆಂದು ಹೇಳಬೇಕು,
ಇನ್ನೊಬ್ಬ ಹ್ಞೂ ಅನ್ನಬೇಕು.
ಮದುವೆಗೆ ಕರೆಯಲಿಲ್ಲ,
ತಾಯಿಯ ಹೆಣ ಎತ್ತುವಾಗಲೂ
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಮೂವತ್ತು ವರ್ಷ ಆಡಿದ್ದು ಇಷ್ಟೇ:
ಒಂಬತ್ತು.
ಹ್ಞೂ.
ಹನ್ನೊಂದು.
ಹ್ಞೂ.

ಬೋರು ಬಂದ ಮೇಲೆ
ಬುಧವಾರ ಯಾರಿಗೂ ಬೇಡವಾಯಿತು.
ಅವರವರ ಹೊಲ, ಅವರವರ ಮೋಟರು,
ಕರೆಂಟು ಬಂದ ಗಳಿಗೆಯಲ್ಲೇ ಎರಡೂ ಗುರ್ರೆಂದು
ಒಂದೇ ಕಲ್ಲಿನ ಒಂದೇ ಸೀಳನ್ನು ಹೀರತೊಡಗಿದವು.
ಜಗಳವೂ ನಿಂತಿತು,
ಜಗಳಕ್ಕೆ ಕಾರಣ ಕಣ್ಣಿಗೆ ಬೀಳಬೇಕಲ್ಲ.

ನನ್ನ ಪುಸ್ತಕದಲ್ಲೂ ಅವು ಬೇರೆ ಬೇರೆ ಹಾಳೆ.
ಸರ್ವೆ ನಂಬರು ಬೇರೆ, ಖಾತೆ ಬೇರೆ.
ಹಾಳೆ ತಿರುವಿದರೆ ಅದೇ ಅಂಕಿ,
ಎರಡು ಬೆರಳು ಹೆಚ್ಚುಕಡಿಮೆ.
ಮೊಮ್ಮಕ್ಕಳು ಈಗಲೂ ದಾರಿಯಲ್ಲಿ ಸಿಕ್ಕಿ ಕೇಳುತ್ತಾರೆ,
ಮೇಡಂ, ಅವರದು ಎಷ್ಟಿದೆ?
ನಿನ್ನದು ಎಷ್ಟು ಎಂದು ಕೇಳಿದವರಿಲ್ಲ.

ಇದನ್ನೆಲ್ಲ ಆ ಇಬ್ಬರಿಗೆ ಹೇಳಹೊರಟೆ.
ನನ್ನ ಇಂಗ್ಲಿಷು ಮೆಟ್ಟಿಲವರೆಗೆ ಬಂತು,
ಹ್ಞೂಗೆ ಪದ ಸಿಗಲಿಲ್ಲ.

ಕೊಳವೆಯ ಬಳಿಗೆ ಮರಳಿದೆವು.
ಎತ್ತರದವರು ತಾವೇ ಟೇಪು ಇಳಿಸುತ್ತೇನೆಂದರು.
ಬಹಳ ಹೊತ್ತು ಇಳಿಯಿತು.
ಎಲ್ಲೋ ಕಬ್ಬಿನೊಳಗೆ ಒಂದು ಮೋಟರು ಹೊತ್ತಿಕೊಂಡಿತು.
ಮೇಲೆಳೆದು, ಒದ್ದೆ ಗೆರೆಗೆ ಹೆಬ್ಬೆರಳಿಟ್ಟು
ಅವರು ಅಂಕಿ ಓದಿದರು.
ನನಗಲ್ಲ, ಬಲಕ್ಕೆ ತಿರುಗಿ,
ನೆರಳಲ್ಲಿ ನಿಂತಿದ್ದ ಇನ್ನೊಬ್ಬರಿಗೆ.

ಅವರು ಜೇಬಿನಿಂದ ಪೆನ್ನು ತೆಗೆದರು.
ಬರೆದರೋ ಇಲ್ಲವೋ, ನಾನು ನೋಡಲಿಲ್ಲ,
ಟೇಪು ಒರೆಸಿ ಸುತ್ತುತ್ತಿದ್ದೆ.
ಸೆರಗಿಗೆಲ್ಲ ನೀಲಿ.

ನಿಂಗಾಜಮ್ಮ ಹೊರೆ ಎತ್ತಿಕೊಳ್ಳುತ್ತ
ಇವತ್ತು ಯಾವ ವಾರವ್ವ ಅಂದಳು.
ಮಂಗಳವಾರ, ಅಂದೆ.
ಹ್ಞೂ, ಅಂದಳು.