ಚೀಲದ ತೂಕ

ಮಂಗಳವಾರ, ಹನ್ನೊಂದರ ಹೊತ್ತು.
ಅಮರಗೋಳದ ಯಾರ್ಡಿನ್ಯಾಗ ಟೆಂಡರ್ ಪೆಟಿಗಿ ತಗಿಯೂ ಗದ್ದಲ.
ಮೆಣಸಿನಕಾಯಿ ಗೋದಾಮಿನ ಮ್ಯಾಲೆ ನಮ್ಮ ಖೋಲಿ,
ಘಾಟಿಗೆ ಕಂಪ್ಯೂಟರಾದ್ರೂ ಸೀನಬೇಕು.

ನನ್ನ ಪುಶ್ ವಾಪಸ್ ಬಂತು.
ನಿನ್ನ ಪ್ರತಿ ಹಿಂದ ಉಳದೈತಿ, ಮೊದಲ ಎಳಕೋ, ಅಂತ
ನಾಕು ಸಾಲು.
ಯಾರು ಓದ್ತಾರ?
ಎರಡು ಗೀಟು, ಮುಂದ ಫೋರ್ಸ್ ಅನ್ನೂ ಒಂದು ಶಬ್ದ,
ಎಂಟರ್.
ಹಳೇ ಬಸ್‌ಸ್ಟ್ಯಾಂಡಿನ್ಯಾಗ
ಕಿಟಕ್ಯಾಗಿಂದ ಯಾರೋ ಒಗದಿಟ್ಟ ಟವೆಲ್ಲು
ಕೆಳಗ ಕೆಡವಿ ಗದಗಿನ ಬಸ್ಸಿನ್ಯಾಗ ಕುಂತಂಗ
ಕುಂತೆ. ಗಾಳಿನೂ ಚಲೋ ಬಂತು.

ಮೂರರ ಸುಮಾರು ದಾವಲಸಾಬ ಮೆಟ್ಟಲಾ ಹತ್ತಿ ಬಂದ,
ಹೆಗಲ ಮ್ಯಾಲೆ ಕೊಕ್ಕಿ, ಕೈಯಾಗ ತೂಕದ ಚೀಟಿ:
"ಏನ್ರೀ, ಇವತ್ತಿಂದ ಚೀಲಾನೂ ಮೆಣಸಿನಕಾಯಿ ಆತೇನು?"

ಫೈರೋಜಾ ತನ್ನ ಫೈಲು ತಗದ್ಳು.
ಐದು ದಿನ ಕುಂತು ಬರದದ್ದು:
ಗೋಣಿ ತೂಕ ಬ್ಯಾರೆ, ತೇವಕ್ಕ ಮುರಿಯೂದು ಬ್ಯಾರೆ,
ಹರದ ಚೀಲಕ್ಕ ಬ್ಯಾರೆ ಲೆಕ್ಕ.
ಒಂದೂ ಇಲ್ಲ. ಅಳಿಸಿದ ಗುರುತೂ ಇಲ್ಲ.
ಹಲಗಿ ಒರೆಸಿದ್ರ ಖಡುವಿನ ಧೂಳರೆ ಉಳೀತಿತ್ತು.
ಊಟಕ್ಕ ಮೊದಲ ಆಕಿನೂ ಕಣ್ಣು ಮುಚ್ಚಿ
ನಂದನ್ನ ತನ್ನ ಮ್ಯಾಲೆ ಹೊಚಗೊಂಡಿದ್ಳು.
ಯಾರು ಅಂತ ಕೇಳಲಿಲ್ಲ.
ಲಾಗಿನ್ಯಾಗ ನನ್ನ ಹೆಸರು ನಿಂತಿತ್ತಲ್ಲ.

ಮೌನೇಶ ರಜಾದ ಮ್ಯಾಲೆ ಸವಣೂರಾಗ.
ಫೋನ್ ಹಚ್ಚಿದ್ವಿ. "ಲ್ಯಾಪ್‌ಟಾಪ್ ತಗಿ,
ಏನೂ ಎಳಕೋಬ್ಯಾಡ, ಬರೇ ಓದು."
ಓದಿದ, ಏಳಕ್ಷರದ ಗುರುತು.
"ಬಿ." "ಡಿ ಏನು?" "ಬಿಪಾ, ಬ್ಯಾಡಗಿ ಬಿ!
ಡಿ ಅಂದ್ರ ಧಾರವಾಡ, ಅದು ಮುಂದ ಐತಿ.
ನಾಕು. ಸೊನ್ನಿ. ಕೇಳತೈತಿಲ್ಲೋ?"
ಅವನ ಕಡೆ ಇದ್ದದ್ದು ಶನಿವಾರದ ತನಕಾ.
ಆಮ್ಯಾಲೆ ಹೊಳೀತು ಫೈರೋಜಾಗ,
ತನ್ನ ಮಶೀನಿನ ರೆಫ್‌ಲಾಗ್ ಬಿಚ್ಚಿದ್ಳು:
ಕಾಲಿಟ್ಟ ಕಡೆಯೆಲ್ಲ ಬರದಿಟ್ಟಿತ್ತು ಅದು,
ಯಾರೂ ಕೇಳದಿದ್ರೂ.

ಅಷ್ಟ್ರಾಗ ನಲವತ್ತೊಂದು ಚೀಟಿ ತಪ್ಪು ಹೋಗಿದ್ವು.
ದಾವಲಸಾಬ ತಿರುಗಿ ತೂಗಿದ, ಒಂದೊಂದ.
ನಾ ಚೀಲ ಹಿಡದೆ.
ಕಣ್ಣಾಗ ನೀರು.
ಘಾಟಿಂದು.

ರಾತ್ರಿ ಮೇನ್ ಬ್ರಾಂಚಿಗೆ ಕೀಲಿ ಬಿತ್ತು.
ಮರುದಿನ ನನ್ನ ಪುಶ್ ಮತ್ತ ವಾಪಸ್.
ನಾಕೂ ಸಾಲು ಓದಿದೆ, ಎರಡು ಸಲ. ಎಳಕೊಂಡೆ.
ಎಲ್ಲಾಕಿಂತ ಮ್ಯಾಲೆ ಫೈರೋಜಾನ ಒಕ್ಕಣಿ:
"ಚೀಲದ ತೂಕ ಕಳದದ್ದು.
ಎರಡನೇ ಸಲ."