ತಪ್ಪು ಸಾಲು

ರಾಬರ್ಟ್‌ಸನ್‌ಪೇಟೆಯ ಫಿಲೋಮಿನಾ
ಶೂ ಡಬ್ಬದಿಂದ ಕ್ಯಾಸೆಟ್ ತೆಗೆದಳು.
ಲಂಡನ್ನಿನಲ್ಲಿ ಮೂರು ವಾರ ನಂಬರ್ ಒನ್,
ನಮ್ಮ ಲೈನ್‌ಮನೆಯಲ್ಲಿ ಮೂರು ವರ್ಷ.

ಪೆನ್ಸಿಲ್ ತೂರಿಸಿ ಸುತ್ತಿದೆ, ಕರಕರ.
ಸೈನೈಡ್ ದಿಬ್ಬದ ಧೂಳು ಇನ್ನೂ ಒಳಗಿದೆಯೇನೋ.

ಇಂಗ್ಲಿಷ್ ಬಾರದ ನಾವು
‘ಬೇಬಿ, ಮಂಡಿ ನೋವು, ಮಂಡಿ ನೋವು’
ಎಂದೇ ಕುಣಿದದ್ದು,
ಎರಡನೇ ಪಾಳಿಯ ಸೈರನ್ ಕೂಗುವತನಕ.

ನಿನ್ನೆ ಅವಳ ಮಗ
ಪ್ರಶಸ್ತಿ ಬಂದ ಸಿನಿಮಾ ತೋರಿಸಿದ.
ಯಾವುದೋ ಹಿಮದ ದೇಶ. ಒಬ್ಬಳು
ನಾಲ್ಕು ನಿಮಿಷ, ಮಾತಿಲ್ಲದೆ,
ಕೋಟಿಗೆ ಗುಂಡಿ ಹೊಲಿದಳು.
ಆಮೇಲೆ ಅತ್ತಳು. ಕೆಳಗೆ ಅಕ್ಷರ ಬಂತು,
ಎಲ್ಲ ತಿಳಿಯಿತು.

‘ನಿಮ್ಮ ಹಾಡಿನ ಪದವೂ ಹುಡುಕಿಕೊಡಲಾ?’

ಬೇಡಪ್ಪಾ ಅಂದೆವು, ಇಬ್ಬರೂ ಒಟ್ಟಿಗೆ.

ಈಗ ನಿಜಕ್ಕೂ ಮಂಡಿ ನೋವು.
ಫಿಲೋಮಿನಾ ಪ್ಲೇ ಒತ್ತಿದಳು,
ಗೋಡೆ ಹಿಡಿದು ಎದ್ದಳು.