ಎಪ್ಪತ್ತೈದು ಬಿ

ವೂಚ್ ಅಂದರೆ ನಮ್ಮ ಪೋಲಿಷಿನಲ್ಲಿ ದೋಣಿ.
ದೋಣಿ ಎಂಬ ಊರಿಗೆ ಕಾಣುವ ನದಿಯಿಲ್ಲ.
ಗಿರಣಿಗಳ ಕಾಲದಲ್ಲಿ ಅದನ್ನು ಮುಚ್ಚಿ ಬೀದಿ ಹಾಸಿದರು;
ಅದರ ಪಾಡಿಗೆ ಅದು ಒಳಗೇ ಹರಿಯುತ್ತದೆ.
ಮೇಲೆ ಟ್ರಾಮು. ಟ್ರಾಮಿನ ಬೀದಿಯಲ್ಲಿ
ಆರು ಮೆಟ್ಟಿಲು ಕೆಳಗಿಳಿದರೆ ನನ್ನ ಅಂಗಡಿ.

ಬೊಗುಮಿವಾ ಬಂದದ್ದು ನವೆಂಬರಿನ ಒಂದು ಮಂಗಳವಾರ,
ಪಾಳಿ ಮುಗಿಸಿ, ಟ್ರಾಮು ಓಡಿಸುವ ಸಮವಸ್ತ್ರದಲ್ಲೇ.
'ಎಪ್ಪತ್ತೈದು ಬಿ. ಬಿಳಿಯದು. ಸುತ್ತಿ ಕೊಡಿ' ಎಂದಳು,
ಬ್ರೆಡ್ಡು ಕೇಳುವ ಹಾಗೆ.
ಹಾಕಿ ನೋಡುವುದಿಲ್ಲವೆ?
'ನೋಡುವುದೇನು, ಮದುವೆಯಾದಾಗಿನಿಂದ ಅದೇ.'
ಯಾವುದು, ಗಂಡನೊ ಬ್ರಾನೊ ಎಂದು ನಾನು ಕೇಳಲಿಲ್ಲ.

ಪರದೆಯ ಹಿಂದೆ ಕೋಟು ಕಳಚಿದಳು.
ನಾನು ಟೇಪು ಮುಟ್ಟಲಿಲ್ಲ. ಬೆನ್ನೇ ಹೇಳುತ್ತದೆ:
ಹಿಂದಿನ ಪಟ್ಟಿ ಹೆಗಲೆಲುಬಿನ ತನಕ ಹತ್ತಿ ಕೂತಿತ್ತು,
ಭುಜದ ಮೇಲೆರಡು ಹಳ್ಳ, ಗಾಡಿ ಕುದುರೆಗೆ ಬೀಳುವಂಥವು,
ಬೆರಳಿಟ್ಟರೆ ಉಗುರು ಮುಳುಗುವಷ್ಟು.
ಇದು ಯಾವಾಗಿನಿಂದ?
'ಯಾವುದು?' ಎಂದಳು.
ಅವಳಿಗದು ಭುಜದ ಆಕಾರ.

ಅರವತ್ತೈದು, ಎಂದೆ. ಬಟ್ಟಲು ಜಿ.
ಸಿಟ್ಟು ಬಂತು.
'ಜಿ ಅಂದರೆ ಪತ್ರಿಕೆಯ ಮುಖಪುಟದವರದ್ದು.
ನಾನು ಮೊಮ್ಮಗಳಿರುವವಳು.'
ಅಕ್ಷರಕ್ಕೇನು ಗೊತ್ತು ತಾಯಿ, ವಯಸ್ಸು, ಮಾನ?
ಪಟ್ಟಿ ಕಿರಿದಾದಷ್ಟೂ ಅಕ್ಷರ ಮುಂದೆ ಸರಿಯುತ್ತದೆ, ಅಷ್ಟೆ.
ಭಾರ ಹೊರಬೇಕಾದ್ದು ಭುಜವಲ್ಲ, ಸುತ್ತಿದ ಪಟ್ಟಿ.
ದಿನಕ್ಕೆ ಎಂಟು ಸಲ ಇದನ್ನು ಹೇಳುತ್ತೇನೆ.
ಎಂಟು ಸಲವೂ ಯಾರೂ ನಂಬುವುದಿಲ್ಲ.

ಮೊದಲನೆಯದು ಕಂಕುಳಲ್ಲಿ ಚುಚ್ಚಿತು.
ಎರಡನೆಯದರ ಬಟ್ಟಲು ಬಾಯಿ ಬಿಟ್ಟುಕೊಂಡಿತು.
ನಾಲ್ಕನೆಯದು ಚೆಂದವಿತ್ತು; ತಂತಿ ಮಾತ್ರ
ಎದೆಯೆಲುಬಿಗೆ ತಾಗಲೊಲ್ಲದು.
ಏಳನೆಯದು ಬೂದು ಬಣ್ಣದ್ದು,
ಯಾರೂ ಕೇಳದೆ ಮೂಲೆಯ ಪೆಟ್ಟಿಗೆಯಲ್ಲಿದ್ದದ್ದು.
ಬಾಗು, ಎಂದೆ. ಕಂಕುಳ ಕಡೆಯಿಂದ ಎಲ್ಲವನ್ನೂ ಒಳಗೆ ತಂದುಕೋ,
ಚೆಲ್ಲಿದ ಹಿಟ್ಟು ಬಾಚಿಕೊಳ್ಳುವ ಹಾಗೆ. ಈಗ ಏಳು.

ಎದ್ದವಳು ಕನ್ನಡಿ ನೋಡಲಿಲ್ಲ.
ಸ್ಟೂಲಿನ ಮೇಲೆ ಕೂತು
ಎಡಗೈ ಚಾಚಿ ಇಲ್ಲದ ಹಿಡಿ ಹಿಡಿದಳು,
ಬಲಕ್ಕೆ ತಿರುಗಿ ಇಲ್ಲದ ಕನ್ನಡಿಯಲ್ಲಿ ಇಳಿಯುವವರನ್ನು ಎಣಿಸಿದಳು,
ಹೊರಟಳು, ತಿರುವಿನಲ್ಲಿ ವಾಲಿದಳು,
ಯಾರೋ ಹುಡುಗ ಅಡ್ಡ ಬಂದ.
ಗಕ್ಕನೆ ಬ್ರೇಕು.

ಕಾದೆವು ಇಬ್ಬರೂ.
ಏನೂ ಮೇಲೆ ಹತ್ತಲಿಲ್ಲ. ಏನೂ ಜಾರಲಿಲ್ಲ.
ಆಮೇಲೆ ಉಸಿರೆಳೆದಳು, ಎಳೆಯುತ್ತಲೇ ಇದ್ದಳು,
ಇಷ್ಟು ಜಾಗ ಒಳಗಿತ್ತೆ ಎನ್ನುವ ಮುಖದಲ್ಲಿ.

ಬೆಲೆ ಕೇಳಿ ಬೈದಳು. ಎರಡು ಕೊಂಡಳು, ಎರಡೂ ಬೂದು.
ಹಳೆಯದನ್ನು ಕಸಕ್ಕೆ ಹಾಕಲೆ ಅಂದರೆ
'ಬೇಡ, ಟೊಮೆಟೊ ಗಿಡ ಕಟ್ಟಲಿಕ್ಕಾಗುತ್ತದೆ' ಎಂದು
ಜೇಬಿಗೆ ತುರುಕಿಕೊಂಡಳು.
ಮೂರನೆಯ ಮೆಟ್ಟಿಲಲ್ಲಿ ನಿಂತು, ತಿರುಗದೆ:
'ಮೂವತ್ತೊಂದು ವರ್ಷ. ಒಬ್ಬರಾದರೂ ಹೇಳಬಾರದಿತ್ತೆ?'

ಬಾಗಿಲ ಗಂಟೆ. ಚಳಿ ಒಂದಿಷ್ಟು ಒಳಗೆ ಬಂತು.
ಮೇಲೆ ಟ್ರಾಮು ಹಾಯ್ದಾಗ ಪೆಟ್ಟಿಗೆಗಳೆಲ್ಲ ಗದಗುಟ್ಟಿದವು.
ಬೂದು ಮುಗಿಯಿತು, ಇನ್ನಷ್ಟು ತರಿಸಬೇಕು ಎಂದು
ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ.